ಯಾಕೆಂದು ಕೇಳದೆ ಸಾಣೆ ಹಿಡಿಯದ ಶೇವಂತಾ

ಉಗಾರ ಖುರ್ದದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿದಿವೆ. ಶೇವಂತಾ ಹಿತ್ತಲ ಕಟ್ಟೆಯ ಮೇಲೆ ಸಾಣೆಕಲ್ಲು ಇಟ್ಟು ನೀರು ಚಿಮುಕಿಸುತ್ತಾರೆ. ನಿನ್ನೆ ಸಂಜೆ ಬಂದ ಚಾಕುಗಳಲ್ಲಿ ಒಂದನ್ನು ಎತ್ತಿಕೊಂಡು, ತಂದವರ ಮುಖ ಹೇಗಿತ್ತೆಂದು ಒಂದು ಗಳಿಗೆ ನೆನೆಯುತ್ತಾರೆ. ಆಮೇಲಷ್ಟೇ ಅಲಗು ಕಲ್ಲಿಗೆ ತಾಗುತ್ತದೆ.

ಗಂಡ ಬಾಪುಸಾಹೇಬ ಕಬ್ಬು ಕಡಿಯುವವರ ಕೋಯ್ತಾ ಎಂಬ ಮಚ್ಚುಗಳಿಗೆ ಸಾಣೆ ಹಿಡಿಯುತ್ತಿದ್ದರು. ಪಕ್ಕದಲ್ಲಿ ಕೂತು ನೀರು ಹನಿಸುತ್ತಲೇ ಶೇವಂತಾ ಕೆಲಸ ಕಲಿತರು. ಗಂಡ ತೀರಿಕೊಂಡ ಮೇಲೆ ಕೋಯ್ತಾ ಬಿಟ್ಟು, ಓಣಿಯ ಅಡುಗೆಮನೆಗಳ ಚಾಕು, ಈಳಿಗೆಗಳನ್ನು ಹಿಡಿದರು. ದಿನಕ್ಕೆ ಹತ್ತು ಹನ್ನೆರಡು ಬರುತ್ತವೆ. ಬೆರಳ ತುದಿಗಳು ಸವೆದು, ಮೊಬೈಲ್ ಕೂಡ ಅವರ ಹೆಬ್ಬೆಟ್ಟಿನ ಗುರುತು ಹಿಡಿಯುವುದಿಲ್ಲ.

ಕೈಗಿಂತ ಹೆಚ್ಚು ದಣಿದಿರುವುದು ಮನಸ್ಸು. ಕೆಲವು ವರ್ಷಗಳ ಹಿಂದೆ ಅವರು ಹರಿತ ಮಾಡಿಕೊಟ್ಟ ಚಾಕುವಿನಿಂದ ಒಂದು ಜಗಳದಲ್ಲಿ ಒಬ್ಬನನ್ನು ಇರಿದರು. ಏಟು ತಿಂದವನು ಉಳಿದ, ಬಲಗೈ ಮಾತ್ರ ಮೊದಲಿನಂತಾಗಲಿಲ್ಲ. ಅಂದಿನಿಂದ ಶೇವಂತಾ ಯಾರನ್ನೂ ಸುಮ್ಮನೆ ನಂಬುವುದಿಲ್ಲ. ಯಾರು ಕಳಿಸಿದರು, ಏನು ಹೆಚ್ಚಲಿಕ್ಕೆ, ಇಷ್ಟು ಅವಸರ ಯಾಕೆ ಎಂದು ಕೆದಕುತ್ತಾರೆ. ಸಿಟ್ಟಾದ ಕೆಲವರು ಈ ಕಡೆ ಬರುವುದನ್ನೇ ಬಿಟ್ಟಿದ್ದಾರೆ.

ಹೋದ ಬೇಸಿಗೆಯಲ್ಲಿ ಎದುರು ಮನೆಯ ರೋಹನ ಚಾಕು ತಂದ. ಆ ಮನೆಯಿಂದ ಯಾವಾಗಲೂ ಬರುತ್ತಿದ್ದವಳು ಅವನ ಹೆಂಡತಿ ಶೈಲಾ. ಅವನು ನೆಲ ನೋಡುತ್ತಲೇ, "ಮಾವಶಿ, ತುದಿ ಚೂಪು ಮಾಡ್ರಿ," ಎಂದ. ಕಾಯಿಪಲ್ಲೆ ಹೆಚ್ಚಲಿಕ್ಕೆ ಚೂಪು ತುದಿ ಯಾಕೆ ಎಂದು ಶೇವಂತಾಗೆ ಸಂಶಯ ಬಂತು. ಕಲ್ಲು ಒಡೆದಿದೆ, ನಾಳೆ ಬಾ ಎಂದು ಸುಳ್ಳು ಹೇಳಿ ಚಾಕು ಒಳಗಿಟ್ಟುಕೊಂಡರು.

ಅವನು ಹೊರಗೆ ಹೋದದ್ದು ನೋಡಿ ಶೈಲಾಳ ಬಳಿ ಹೋದರು. ಬಾಗಿಲು ಅರ್ಧವೇ ತೆರೆಯಿತು. ಬಾವಿ ನೀರಿನ ಪಾಳಿಗಾಗಿ ರೋಹನ ತಮ್ಮ ನಿಖಿಲನ ಜೊತೆ ಕಾದಾಡುತ್ತಿದ್ದ, ಎರಡು ದಿನದಿಂದ ಉಂಡಿರಲಿಲ್ಲ ಎಂದು ಅವಳಿಂದ ತಿಳಿಯಿತು. ಚಾಕು ಮನೆಯಲ್ಲಿಲ್ಲದ್ದನ್ನು ಶೈಲಾ ಆಗಲೇ ಗಮನಿಸಿ, ಯಾರಿಗೂ ಹೇಳಲಾರದೆ ಕೂತಿದ್ದಳು. ಇಬ್ಬರೂ ಹೋಗಿ ಅಣ್ಣತಮ್ಮಂದಿರ ಸೋದರಮಾವ ಧರೆಪ್ಪನವರನ್ನು ಕರೆತಂದರು. ಅಂದು ಸಂಜೆಯೇ ಧರೆಪ್ಪನವರು ಅಣ್ಣತಮ್ಮ ಇಬ್ಬರನ್ನೂ ಎದುರುಬದುರು ಕೂರಿಸಿ ಪಾಳಿ ಗೊತ್ತುಮಾಡಿದರು.

ಮರುದಿನ ಶೇವಂತಾ ಚಾಕುವಿನ ತುದಿಯನ್ನು ಮೊಂಡಾಗಿ ಉಜ್ಜಿ, ಅಲಗಿಗಷ್ಟೇ ಸಾಣೆ ಹಿಡಿದು ಶೈಲಾಳ ಕೈಗೆ ಕೊಟ್ಟರು. ರೋಹನನ ಮನಸ್ಸಿನಲ್ಲಿ ನಿಜಕ್ಕೂ ಏನಿತ್ತೋ, ಅವನು ಇಂದಿಗೂ ಹೇಳಿಲ್ಲ.

"ನಂದ ತಪ್ಪು ಸಂಶೆ ಇದ್ದರೂ ಇರಬಹುದ್ರಿ. ಆದ್ರ ಕೇಳದ ಬಿಟ್ಟಿದ್ರ ನನಗ ನಿದ್ದಿ ಹತ್ತತಿರಲಿಲ್ಲ," ಎನ್ನುತ್ತಾರೆ ಶೇವಂತಾ.

ರೋಹನ ಈಗಲೂ ಇವರ ಮುಖ ನೋಡುವುದಿಲ್ಲವಂತೆ. ಅದಕ್ಕೆ ಬೇಸರವಿಲ್ಲವೇ ಎಂದರೆ, ಕಲ್ಲಿಗೆ ಇನ್ನಷ್ಟು ನೀರು ಹನಿಸುತ್ತಾರೆ.

"ಮಾತಾಡದಿದ್ರ ಬ್ಯಾಡ ಬಿಡ್ರಿ. ಅಣ್ಣ ತಮ್ಮ ಇಬ್ರೂ ಒಂದ ಗಾಡಿ ಮ್ಯಾಲ ನನ್ನ ಬಾಗಲ ಮುಂದ ಹಾದು ಹೊಲಕ್ಕ ಹೋಗ್ತಾರ. ನಾ ದಿನಾ ನೋಡ್ತೀನಿ."