ಮರಿಗಳ ಒಡತಿಗೆ ಇಟ್ಟ ಎಡೆ

ನನ್ನ ಹೆಂಡತಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ಹತ್ತೊಂಬತ್ತು ಕೋಳಿಮರಿಗಳಿದ್ದವು. ಅವುಗಳ ವಿಷಯ ಬಿಟ್ಟು ಅವಳ ವಿಷಯ ಹೇಳಲು ನನಗೆ ಬರುವುದಿಲ್ಲ.

ಅರವತ್ತರ ದಶಕದ ಮಾತು. ನಾನು ತಿಕೋಟಾದಲ್ಲಿ ಒಂದು ಕಚೇರಿಯ ಸಿಪಾಯಿಯಾಗಿದ್ದೆ. ವಿಜಾಪುರದಲ್ಲಿ ಬಿಳಿ ಜಾತಿಯ ಕೋಳಿಮರಿ ಸಿಗುತ್ತವೆ ಎಂದು ಕೇಳಿ ಅವಳು ಹಟ ಹಿಡಿದಳು. ಹುಟ್ಟಿ ಒಂದೇ ದಿನವಾದ ಇಪ್ಪತ್ತೈದು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ದಾರಿಯುದ್ದಕ್ಕೂ ಪೆಟ್ಟಿಗೆ ಕಿರುಚಿತು. ಕಂಡಕ್ಟರ್ ಬಗ್ಗಿ ಕಿವಿಗೊಟ್ಟು, "ಏನ್ರಿ, ಇಡೀ ಸಾಲಿ ಹುಡುಗರನ್ನ ತುಂಬ್ಕೊಂಡು ಬಂದೀರಿ?" ಎಂದ.

ತಾಯಿ ಇಲ್ಲದ ಮರಿಗಳಿಗೆ ಕಾವು ನಾವೇ ಕೊಡಬೇಕು. ದೀಪದ ಕೆಳಗೆ ಒತ್ತಿಕೊಂಡು ನಿಂತರೆ ಅವಕ್ಕೆ ಚಳಿ, ದೂರ ಸರಿದರೆ ಸೆಕೆ, ಅಲ್ಲಲ್ಲಿ ಚೆದುರಿ ಮಲಗಿದರೆ ಸರಿ ಎಂದು ಮರಿ ಕೊಟ್ಟವರು ಹೇಳಿದ್ದರು. ಅವಳು ಮೂಲೆಯಲ್ಲಿ ಬಿದಿರಿನ ತಟ್ಟಿಯನ್ನು ದುಂಡಗೆ ನಿಲ್ಲಿಸಿ, ಹೊಟ್ಟು ಹರವಿ, ನಡುವೆ ಕಂದೀಲು ತೂಗುಬಿಟ್ಟಳು. ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ಅದ್ದಿ ಕುಡಿಯಲು ಕಲಿಸಿದಳು. ಜೋಳದ ನುಚ್ಚಿಗೆ ಶೇಂಗಾ ಹಿಂಡಿಯ ಪುಡಿ ಕಲಸಿ ಹಾಕಿದಳು. ಮನೆಯಲ್ಲಿ ಇದ್ದದ್ದು ಅದೊಂದೇ ಕಂದೀಲು. ತಾಟಿನಲ್ಲಿ ಪಲ್ಯ ಯಾವುದು, ಚಟ್ನಿ ಯಾವುದು ಕಾಣುವುದಿಲ್ಲ ಎಂದು ನಾನು ದೂರಿದರೆ, "ಬಾಯಿ ಎಲ್ಲೈತಿ ಅನ್ನೂದು ಗೊತ್ತೈತಿಲ್ರಿ? ಸಾಕು, ಉಣ್ರಿ" ಎನ್ನುತ್ತಿದ್ದಳು. ಮರಿಗಳಿಗೆ ಚಳಿಯೋ ಸೆಕೆಯೋ ಎಂದು ಗಳಿಗೆಗೊಮ್ಮೆ ನೋಡುವಳು. ನನ್ನನ್ನು ಎಂದೂ ಕೇಳಿದವಳಲ್ಲ.

ಎರಡು ವಾರ ಕಳೆದ ಮೇಲೆ ಹಗಲು ಹೊತ್ತು ಮರಿಗಳನ್ನು ಅಂಗಳಕ್ಕೆ ಬಿಟ್ಟಳು. ಕಾಗೆಗಳು ಆರು ಮರಿಗಳನ್ನು ಎತ್ತಿಕೊಂಡು ಹೋದವು. ಅವಳು ಬಬಲೇಶ್ವರದ ತವರಿನಲ್ಲಿ ಜೋಳದ ಹೊಲ ಕಾಯುತ್ತ ಬೆಳೆದವಳು. ಕವಣೆ ಕೈಗೆತ್ತಿಕೊಂಡಳು. ಅವಳ ಕಲ್ಲು ತಪ್ಪುತ್ತಿರಲಿಲ್ಲ. ಹತ್ತು ದಿನಗಳಲ್ಲಿ ನಮ್ಮ ಓಣಿಗೆ ಕಾಗೆ ಬರುವುದೇ ನಿಂತಿತು. ನೆರೆಮನೆಯ ಹೆಂಗಸು ಕಾವಲಿಲ್ಲದೆ ಹಪ್ಪಳ ಒಣಹಾಕತೊಡಗಿದಳು.

ಆಮೇಲೆ ಅವಳಿಗೆ ಜ್ವರ ಬಂತು. ವಿಜಾಪುರದ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿ ಅವಳು ಕೇಳಿದ್ದು, "ಮರೀಗೆ ನೀರು ಇಟ್ಟು ಬಂದೀರಿಲ್ಲ?" ಎಂದು. ಇಟ್ಟು ಬಂದಿದ್ದೇನೆ ಎಂದೆ. ಇಟ್ಟಿರಲಿಲ್ಲ. ಮರುದಿನ ಅವಳು ಹೋದಳು.

ಮೂರನೆಯ ದಿನ ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟೆವು. ಅದು ನಮ್ಮ ಓಣಿಯ ಹಿಂದೆಯೇ ಇತ್ತು. ಸಜ್ಜೆ ರೊಟ್ಟಿ, ಬದನೆಕಾಯಿ, ಮೊಸರನ್ನ, ಒಂದು ಲೋಟ ಚಹಾ. ಪಕ್ಕದಲ್ಲಿ ಅವಳು ದಿನವೂ ಉಡುತ್ತಿದ್ದ ಹಸಿರು ಸೀರೆಯನ್ನು ಹರವಿದೆವು. ಕಾಗೆ ಬಂದು ಮುಟ್ಟಿದರೆ ಹೋದವರು ಉಂಡ ಹಾಗೆ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ.

ದೂರದ ಬೇವಿನ ಮರದ ತುಂಬ ಕಾಗೆಗಳು ಕೂತಿದ್ದವು. ಒಂದೂ ಇಳಿಯಲಿಲ್ಲ. ಬಿಸಿಲು ಏರಿತು. ಚಹಾದ ಮೇಲೆ ಕೆನೆ ಕಟ್ಟಿತು.

"ಆಕಿಗೆ ಏನೋ ಚಿಂತಿ ಉಳದೈತಿ. ಮಾತು ಕೊಡಪಾ," ಎಂದರು ನಮ್ಮ ಕಾಕಾ.

ಬಬಲೇಶ್ವರದಿಂದ ಬಂದಿದ್ದ ನಮ್ಮ ಅತ್ತೆ ಕೂಡಲೇ, "ಇನ್ನೊಂದು ಲಗ್ನಾ ಆಗಂಗಿಲ್ಲ ಅನ್ರಿ, ಅಳಿಯಂದ್ರ," ಎಂದರು.

"ಬೀಗತಿ, ಅದೆಂಥಾ ಮಾತ್ರಿ! ಇನ್ನೂ ಹುಡುಗ ಅದಾನ," ಎಂದು ಕಾಕಾ ಎದ್ದು ನಿಂತರು.

ಜಗಳ ಬೇಡವೆಂದು ನಾನು ಕೈಮುಗಿದು ಮಾತು ಕೊಟ್ಟೆ. ಕಾಗೆಗಳು ಕದಲಲಿಲ್ಲ.

"ನೋಡಿದ್ರಿಲ್ಲೋ? ಆಕಿಗೇ ಬ್ಯಾಡಾಗೇತಿ ಆ ಮಾತು," ಎಂದು ಕಾಕಾ ಸಮಾಧಾನದಿಂದ ಕೂತರು.

ನೆರೆಮನೆಯ ಹೆಂಗಸು ಮುಂದೆ ಬಂದು ತಲೆ ತಗ್ಗಿಸಿ, "ಯವ್ವಾ, ನಿನ್ನ ಹಿಟ್ಟ ಸೋಸೂ ಸಾಣಿಗಿ ನನ್ನ ಹಂತೇಕ ಐತಿ. ಕಳದೈತಿ ಅಂತ ಸುಳ್ಳ ಹೇಳಿದ್ದೆ. ಇವತ್ತ ಕೊಡ್ತೀನಿ," ಎಂದಳು. ಕಾಗೆಗಳು ಅದಕ್ಕೂ ಬರಲಿಲ್ಲ.

ಆಗ ನಾನು ಬಗ್ಗಿ, ಯಾರಿಗೂ ಕೇಳದ ಹಾಗೆ, ಆ ದಿನ ನೀರು ಇಟ್ಟಿರಲಿಲ್ಲ ಎಂದು ಹೇಳಿದೆ. ಹತ್ತೊಂಬತ್ತನ್ನೂ ಸಾಕುತ್ತೇನೆ ಎಂದೆ. ಇದೇ ಸರಿಯಾದ ಮಾತು, ಈಗ ಬರುತ್ತವೆ ಎಂದು ನನಗೆ ಖಾತ್ರಿಯಿತ್ತು. ಬರಲಿಲ್ಲ.

ಆ ಹೆಂಗಸೇ ಕೊನೆಗೆ, "ಮಾತಿಂದಲ್ರಿ ಇದು. ಹಗಲೆಲ್ಲಾ ಕವಣಿ ಹೊಡದಾಳ ಇವಕ್ಕ. ಆ ಸೀರಿ ಕಂಡು ಹೆದರ್ಯಾವ. ಅದನ್ನ ತಗೀರಿ ಮೊದಲ," ಎಂದಳು.

"ಆಕಿ ಸೀರಿ ತಗದ್ರ, ಕಾಗಿ ಯಾರ ಕೂಳು ತಿಂತಾವ?" ಎಂದು ಅತ್ತೆ ಆ ಸೀರೆಯ ಸೆರಗು ಹಿಡಿದು ಕೂತರು.

ಬಿಸಿಲಿಗೆ ಅನ್ನ ಒಣಗುತ್ತಿತ್ತು. ನಾನು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೀರೆಯನ್ನು ಮಡಚಿ, ಅಂಗಿಯೊಳಗೆ ಇಟ್ಟುಕೊಂಡೆ. ನೋಡಿದವರಿಗೆ ಹೊಟ್ಟೆ ಬಂದವನ ಹಾಗೆ ಕಂಡಿರಬೇಕು. ಎಲ್ಲರೂ ಹಿಂದೆ ಸರಿದೆವು.

ಒಂದು ಕಾಗೆ ಇಳಿಯಿತು. ಅತ್ತ ನೋಡಿತು, ಇತ್ತ ನೋಡಿತು, ಎಡೆಯ ಸುತ್ತ ಒಂದು ಸುತ್ತು ಹಾಕಿತು. ರೊಟ್ಟಿಯ ಚೂರು ಕಚ್ಚಿತು. ಹಿಂದೆಯೇ ಉಳಿದವೂ ಬಂದವು.

"ಬಂದಳು ನನ್ನ ಮಗಳು!" ಎಂದು ಅತ್ತೆ ಗಟ್ಟಿಯಾಗಿ ಅತ್ತರು. ಕಾಕಾ ಕೈಮುಗಿದರು. ನನಗೆ ಮಾತ್ರ ಬೇರೆ ತಿಳಿಯಿತು. ಅವಳು ಇಲ್ಲ ಎಂದು ಖಚಿತಮಾಡಿಕೊಂಡೇ ಅವು ಬಂದಿದ್ದವು. ಮಣ್ಣು ಹಾಕುವಾಗಲೂ ಅಳದ ನಾನು ಆಗ ಅತ್ತುಬಿಟ್ಟೆ.

ಮನೆಗೆ ಬರುವ ದಾರಿಯಲ್ಲಿ ಕಾಗೆ ಯಾವ ಮಾತಿಗೆ ಒಪ್ಪಿತು ಎಂದು ವಾದ ನಡೆಯಿತು. ಲಗ್ನದ ಮಾತಿಗೆ ಎಂದರು ಅತ್ತೆ. ಸಾಣಿಗೆಗೆ ಎಂದರು ಕಾಕಾ.

ಅಂಗಳದಲ್ಲಿ ಮರಿಗಳು ತಟ್ಟಿ ದಾಟಿ ಹೊರಬಂದಿದ್ದವು. ಗೋಡೆಯ ಮೇಲೆ ಎರಡು ಕಾಗೆ. ನಾನು ಕಲ್ಲು ತೆಗೆದುಕೊಂಡೆ.

"ಅಯ್ಯಯ್ಯ, ಹೊಡೀಬ್ಯಾಡ್ರಿ! ಈಗಷ್ಟ ಉಂಡು ಬಂದಾಳ," ಎಂದು ಅತ್ತೆ ನನ್ನ ಕೈ ಹಿಡಿದರು.

ಕೈ ಇಳಿಸಿದೆ. ಒಂದು ಕಾಗೆ ನೇರ ಮರಿಗಳ ಮೇಲೆ ಎರಗಿತು.

"ಸುಮ್ನ ನಿಂತೀರೇನ್ರಿ! ಒಗೀರಿ!" ಎಂದು ಅತ್ತೆಯೇ ಚೀರಿದರು.

ಒಗೆದೆ. ಕಲ್ಲು ನೆರೆಮನೆಯ ಹಪ್ಪಳದ ಮೇಲೆ ಬಿತ್ತು. ಅತ್ತೆ ಚಪ್ಪಲಿ ಒಗೆದರು, ಅದೂ ತಪ್ಪಿತು. ಆದರೂ ಗದ್ದಲಕ್ಕೆ ಹೆದರಿ ಕಾಗೆ ಮರಿ ಸಿಗದೆ ಹಾರಿಹೋಯಿತು. ನಾವಿಬ್ಬರೂ ನೆಲಕ್ಕೆ ಕೂತು ಮರಿಗಳನ್ನು ಎಣಿಸಿದೆವು. ಹತ್ತೊಂಬತ್ತು ಇದ್ದವು. ಅತ್ತೆ ಇನ್ನೊಮ್ಮೆ ಎಣಿಸಿದರು. ನಾನು ನೀರು ತರಲು ಒಳಗೆ ಹೋದೆ.