ಅಂಕಿಯ ಪಕ್ಕ ಗಂಟೆ ಬರೆಯುವ ಮಧ್ವರಾಜರು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇದೆ. ಚೆನ್ನೈನ ಕ್ರೋಂಪೇಟೆ ನಿಲ್ದಾಣದಿಂದ ತಾಂಬರಂ ಕಡೆಗೆ ಲೋಕಲ್ ರೈಲು ಹೊರಟ ಸದ್ದು ಕೇಳಿಸುತ್ತದೆ. ಅಷ್ಟು ಹೊತ್ತಿಗಾಗಲೇ ಮಧ್ವರಾಜರು ದೊಡ್ಡ ತೊಟ್ಟಿಯ ಮೇಲಿನ ಕಬ್ಬಿಣದ ಕಾಲುದಾರಿಯಲ್ಲಿದ್ದಾರೆ. ಕೈಯಲ್ಲಿ ಹಗ್ಗ ಕಟ್ಟಿದ ಸ್ಟೀಲ್ ಲೋಟ, ಕಿವಿಯ ಮೇಲೆ ಪೆನ್ಸಿಲ್, ಎದೆಯ ಮೇಲೆ ಗಾಳಿ ಕೆಟ್ಟರೆ ಕಿರುಚುವ ಪುಟ್ಟ ಯಂತ್ರ. ಲೋಟ ಇಳಿಸಿ ನೀರೆತ್ತುತ್ತಾರೆ, ಹಳದಿ ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದುತ್ತಾರೆ, ಅದು ನೀಲಿಗೆ ತಿರುಗುವುದನ್ನು ಕನ್ನಡಕ ಹಣೆಗೇರಿಸಿ ನೋಡುತ್ತಾರೆ. ಆಮೇಲೆ ಪುಸ್ತಕದಲ್ಲಿ ಬರೆಯುತ್ತಾರೆ: ಅಂಕಿ ಒಂಬತ್ತೂವರೆ, ಗಂಟೆ 5.56.

"ಅಂಕಿ ಮಾತ್ರ ಬರೆದ್ರೆ ಅದು ಅರ್ಧ ಸುಳ್ಳು ಮಾರಾಯ್ರೆ. ಎಷ್ಟು ಹೊತ್ತಿನ ಅಂಕಿ ಅಂತಲೂ ಬರೀಬೇಕು" ಎನ್ನುತ್ತಾರೆ.

ಸುತ್ತಲಿನ ಹತ್ತಾರು ಚರ್ಮ ಹದ ಮಾಡುವ ಕಾರ್ಖಾನೆಗಳ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ ಇದು. ಇಲ್ಲಿಗೆ ಎರಡು ಬಗೆಯ ನೀರು ಬರುತ್ತದೆ. ತೊಗಲಿನ ಕೂದಲು ತೆಗೆದ ಸುಣ್ಣದ ನೀರು ಒಂದು, ಹದ ಮಾಡಿದ ಹುಳಿ ನೀರು ಇನ್ನೊಂದು. ಎರಡೂ ಒಂದೇ ತೊಟ್ಟಿಗೆ ಬೀಳುತ್ತವೆ. ಹುಳಿಯ ಕೈ ಮೇಲಾಯಿತೋ, ಕೊಳೆತ ಮೊಟ್ಟೆಯ ನಾತದ ವಿಷಗಾಳಿ ಏಳುತ್ತದೆ. ಹಾಗಾಗದಂತೆ ಪಂಪೊಂದು ಬೇಕಾದಷ್ಟೇ ಸುಣ್ಣದ ಹಾಲನ್ನು ತೊಟ್ಟಿಗೆ ಬಿಡುತ್ತಿರಬೇಕು. ಎಷ್ಟು ಬೇಕು ಎಂಬುದನ್ನು ತೊಟ್ಟಿಯಲ್ಲಿ ಮುಳುಗಿರುವ ಸೆನ್ಸಾರ್ ಹೇಳುತ್ತದೆ. ಅದು ಕಳಿಸುವ, ಹುಳಿ ಹೆಚ್ಚಿದರೆ ಇಳಿಯುವ ಪಿಎಚ್ ಅಂಕಿ ಕಂಟ್ರೋಲ್ ರೂಮಿನ ಪರದೆಗೆ ಬರುತ್ತದೆ.

ಬರುತ್ತದೆ ಎನ್ನುವುದು ಕಾಗದದ ಮೇಲಿನ ಮಾತು. ಸೆನ್ಸಾರಿನ ಮೈಗೆ ಸುಣ್ಣ ಕಟ್ಟಿದಾಗ, ಸಿಗ್ನಲ್ ಪೆಟ್ಟಿಗೆಗೆ ತೇವ ಹಿಡಿದಾಗ ಅಂಕಿ ತನಗೆ ತೋಚಿದ ಹೊತ್ತಿಗೆ ಬರುತ್ತದೆ. ಒಮ್ಮೆ ಹತ್ತು ಸೆಕೆಂಡಿಗೆ, ಇನ್ನೊಮ್ಮೆ ಅರ್ಧ ಗಂಟೆಗೆ. ಹೊಸದು ಬರುವ ತನಕ ಪರದೆ ಹಳೆಯದನ್ನೇ ಹಿಡಿದುಕೊಂಡಿರುತ್ತದೆ, ಅದೇ ಈ ಕ್ಷಣದ್ದು ಎಂಬ ಠೀವಿಯಲ್ಲಿ. ಪಂಪೂ ಅದನ್ನೇ ನಂಬಿ ಕೆಲಸ ಮಾಡುತ್ತದೆ.

ಅದಕ್ಕೇ ಈ ನಡಿಗೆ. ಎಂಟು ಗಂಟೆಗಳ ಪಾಳಿಯಲ್ಲಿ ಅರ್ಧ ಗಂಟೆಗೊಮ್ಮೆ, ಹದಿನಾರು ಸುತ್ತು. ಸುತ್ತಿಗೆ ಮುನ್ನೂರ ನಲವತ್ತು ಹೆಜ್ಜೆ. ಹೀಗೆ ಮಾಡಿ ಎಂದು ಯಾರೂ ಹೇಳಿಲ್ಲ. ಆರು ವರ್ಷಗಳಿಂದ ಅವರೇ ತಮಗೆ ವಿಧಿಸಿಕೊಂಡದ್ದು ಇದು.

ಮಧ್ವರಾಜರ ತಂದೆ ಉಡುಪಿ ಕಡೆಯಿಂದ ಬಂದು ತಾಂಬರಂನ ಸಸ್ಯಾಹಾರಿ ಹೋಟೆಲೊಂದರಲ್ಲಿ ಇಡ್ಲಿ ಹಿಟ್ಟಿನ ಉಸ್ತುವಾರಿ ನೋಡಿಕೊಂಡಿದ್ದವರು. "ಹಿಟ್ಟು ಉಬ್ಬಿತಾ ಅಂತ ಅಪ್ಪ ಗಡಿಯಾರ ನೋಡಿದವರಲ್ಲ. ಮುಚ್ಚಳ ತೆಗೆದು ಮೂಗಿಟ್ಟು ನೋಡ್ತಿದ್ರು. ನಾನು ಐಟಿಐ ಓದಿ ಕಂಟ್ರೋಲ್ ರೂಮಿನ ಗ್ಲಾಸಿನ ಹಿಂದೆ ಕೂತೆ, ದೊಡ್ಡ ಜನ ಆದೆ" ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಆಪರೇಟರ್ ಆಗಿ ಮೂವತ್ತೊಂದು ವರ್ಷದ ಸೇವೆ. ಈ ತಿಂಗಳ ಕೊನೆಗೆ ನಿವೃತ್ತಿ.

ಗೇಟಿನಲ್ಲಿ ಕಾವಲಿಗೆ ಕುಳಿತಿರುವ ಬಾಬು ಆರು ವರ್ಷದ ಹಿಂದೆ ತೊಟ್ಟಿಯ ಕೆಲಸದಲ್ಲಿದ್ದರು. ಜಾಲರಿಗೆ ಸಿಕ್ಕಿಕೊಂಡ ಕೂದಲು, ತೊಗಲಿನ ಚೂರು ಎಳೆದು ಹಾಕುವುದು ಅವರ ಪಾಲಿನ ಕೆಲಸವಾಗಿತ್ತು. ಅವರ ಮೂಗು ಘಟಕಕ್ಕೆಲ್ಲ ಹೆಸರುವಾಸಿ. ನೀರು ಯಾವ ಕಾರ್ಖಾನೆಯದೆಂದು ಗೇಟಿನ ಹತ್ತಿರವೇ ಹೇಳುತ್ತಿದ್ದರು. ತಮಿಳರ ಆಡಿ ಮಾಸದ, ಅಂದರೆ ಆಷಾಢದ ಹೊತ್ತಿನ, ಒಂದು ಮಂಗಳವಾರ, ಹಾಡಹಗಲಲ್ಲಿ, ಜಾಲರಿಯ ಮೇಲೆ ಬಗ್ಗಿದವರು ಅಲ್ಲೇ ಕುಸಿದರು. ಆ ಗಾಳಿ ಜೋರಾದಾಗ ಮೊದಲು ಕೊಲ್ಲುವುದು ವಾಸನೆ ಹಿಡಿಯುವ ಶಕ್ತಿಯನ್ನೇ. ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಮೂಗು ಮಾತ್ರ ಬರಲಿಲ್ಲ.

ಮಲ್ಲಿಗೆ ಅಂಗಡಿಯ ಮುಂದೆ ಹೋದರೂ ಒಂದೇ, ಗಬ್ಬು ನಾರುವ ಕೂವಂ ನದಿಯ ಸೇತುವೆಯ ಮೇಲೆ ಹೋದರೂ ಒಂದೇ, ಲಾಭ ತಾನೇ ಎಂದು ಬಾಬು ತಮಿಳಿನಲ್ಲಿ ತಮಾಷೆ ಮಾಡುತ್ತಾರೆ. ಗ್ಯಾಸ್ ಸೋರಿದರೆ ತಿಳಿಯುವುದಿಲ್ಲವೆಂದು ಹೆಂಡತಿ ಇವರಿಗೆ ಒಲೆ ಮುಟ್ಟಲು ಬಿಡುವುದಿಲ್ಲ. ಆ ದಿನದ ಬಗ್ಗೆ ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ: "ಮೆಷಿನ್ ತಪ್ಪು ಸಾರ್. ಅಣ್ಣನ್ ಎನ್ನ ಪಣ್ಣುವಾರು?" ಯಂತ್ರ ತಪ್ಪಿತು, ಅಣ್ಣ, ಅಂದರೆ ಅಂದು ಪಾಳಿಯಲ್ಲಿದ್ದ ಮಧ್ವರಾಜರು, ಏನು ಮಾಡಿಯಾರು ಎಂದು. ವರದಿಯೂ ಉಪಕರಣ ದೋಷ ಎಂದೇ ಷರಾ ಬರೆದು ಮುಗಿಸಿದೆ.

ಈ ಮಾತು ಬಂದಾಗಲೆಲ್ಲ ಮಧ್ವರಾಜರು ಅಲ್ಲಿ ನಿಲ್ಲುವುದಿಲ್ಲ. ಲೋಟ ತೊಳೆಯುವ ನೆಪ ಮಾಡಿ ನಲ್ಲಿಯ ಕಡೆ ನಡೆಯುತ್ತಾರೆ.

ಅವರು ನಿಂತು ಮಾತಾಡುವಂತೆ ಮಾಡಿದ್ದು ಪ್ರಣಮ್ಯಾ. ಕನ್ನಡಿಗ ಬ್ಯಾಂಕ್ ಉದ್ಯೋಗಿಯ ಮಗಳು, ಚೆನ್ನೈನಲ್ಲೇ ಬೆಳೆದವರು, ಘಟಕಕ್ಕೆ ಹೊಸ ನಿಯಂತ್ರಣ ವ್ಯವಸ್ಥೆ ಅಳವಡಿಸಲು ಬಂದಿರುವ ಎಂಜಿನಿಯರ್. ಇವರ ಪ್ರೋಗ್ರಾಮಿಗೆ ಅಂಕಿ ತಡವಾಗುತ್ತದೆಂಬುದು ಮೊದಲೇ ಗೊತ್ತು. ಬಾರದ ಹೊತ್ತಿನಲ್ಲಿ ನೀರು ಹೇಗಿದ್ದೀತು ಎಂದು ಅದು ಊಹಿಸುತ್ತದೆ. ಹೊತ್ತಾದಷ್ಟೂ ತನ್ನ ಊಹೆಯನ್ನೇ ಅನುಮಾನಿಸುತ್ತದೆ, ಸುಣ್ಣ ಹೆಚ್ಚಿಸಿ ಕ್ಷೇಮದ ಕಡೆ ವಾಲುತ್ತದೆ. ಪರದೆಯ ಮೇಲೆ ಹಳೆಯ ಅಂಕಿ ಮಸುಕಾಗುತ್ತಾ ಹೋಗುತ್ತದೆ. ಹೀಗೆ ಊಹಿಸುವುದನ್ನು ಕಲಿಸಲು ಹಳೆಯ ದಾಖಲೆ ಬೇಕಿತ್ತು. ಪ್ರಣಮ್ಯಾ ಮಧ್ವರಾಜರ ಲಾಗ್ ಪುಸ್ತಕಗಳನ್ನು ಕೇಳಿದರು. ಮೂರನೆಯ ದಿನ ಒಂದು ಪುಟ ಹಿಡಿದುಕೊಂಡು ಬಂದರು.

"ಅಂಕಲ್, ಸರ್ವರ್‌ನಲ್ಲಿ ಬೆಳಿಗ್ಗೆ 9.58ರಿಂದ 10.24ರವರೆಗೆ ಒಂದು ರೀಡಿಂಗೂ ಬಂದಿಲ್ಲ. ನಿಮ್ಮ ಬುಕ್‌ನಲ್ಲಿ ಮಾತ್ರ ಮೂರು ಇದೆ. ಎಪ್ಪಡಿ, ಹೇಗೆ?"

ಆಡಿ ಮಾಸದ ಆ ಮಂಗಳವಾರದ ಪುಟ ಅದು.

ಇಲ್ಲೊಂದು ರೂಢಿಯನ್ನು ಹೇಳಬೇಕು. ಜೀವಂತ ಅಂಕಿಯ ಕೊನೆಯ ಸ್ಥಾನ ಎಂದೂ ಸುಮ್ಮನಿರುವುದಿಲ್ಲ, ಒಂದೆರಡು ಅತ್ತಿತ್ತ ಕದಲುತ್ತಲೇ ಇರುತ್ತದೆ. ಕದಲದೆ ನಿಂತರೆ ಅದು ಹಳೆಯದು. ಆಪರೇಟರುಗಳಿಗೆಲ್ಲ ಇದು ಗೊತ್ತು. ಆದರೆ ಹಿಂದೊಮ್ಮೆ ತಪಾಸಣೆಗೆ ಬಂದ ಅಧಿಕಾರಿ ಪುಸ್ತಕದಲ್ಲಿ ಒಂದೇ ಅಂಕಿ ಮೂರು ಸಲ ಕಂಡು, ಮನೆಯಲ್ಲಿ ಕೂತು ಬರೆದಿರೇನು ಎಂದು ಹೀಯಾಳಿಸಿದ್ದರು. ಅಂದಿನಿಂದ ಪರದೆ ನಿಂತರೂ ಪುಸ್ತಕದಲ್ಲಿ ಕೊನೆಯ ಅಂಕಿಯನ್ನು ತಾವೇ ಚೂರು ಅಲುಗಾಡಿಸಿ ಬರೆಯುವುದು ಎಲ್ಲರ ಅಭ್ಯಾಸವಾಯಿತು. ಆ ದಿನ ಪರದೆಯ ಮೇಲೆ ಪಿಎಚ್ 9.40 ನಿಂತುಬಿಟ್ಟಿತ್ತು. ಹುಳಿ ನೀರು ತೊಟ್ಟಿಗೆ ನುಗ್ಗುತ್ತಿತ್ತು, ಆ ಅಂಕಿ ನಂಬಿದ ಪಂಪು ಸುಣ್ಣ ಹೆಚ್ಚಿಸಿರಲಿಲ್ಲ. ಮಧ್ವರಾಜರು ಪುಸ್ತಕದಲ್ಲಿ ಅಂಕಿ ಅಲುಗಾಡಿಸುತ್ತಿದ್ದರು.

"ನಿಂತದ್ದು ನನಗೆ ಕಾಣ್ತಿತ್ತು. ಈಗ ಬರ್ತದೆ, ಈಗ ಬರ್ತದೆ ಅಂತ ಕೂತೆ" ಎನ್ನುತ್ತಾರೆ. "ಬಾಬುಗೆ ಓದು ಬರಹ ಅಷ್ಟಕ್ಕಷ್ಟೇ. ಅಂಕಿ ಮಾತ್ರ ಓದ್ತಾನೆ. ತೊಟ್ಟಿಗೆ ಹೋಗುವ ಮೊದಲು ಪುಸ್ತಕ ನೋಡು, ಕೊನೇ ಅಂಕಿ ಕದಲ್ತಾ ಉಂಟಾ ನೋಡು, ಕದಲಿದ್ರೆ ಮಾತ್ರ ಹೋಗು ಅಂತ ಅವನಿಗೆ ಕಲಿಸಿದ್ದು ನಾನೇ. ಅವತ್ತೂ ಬಂದ. ನನ್ನ ಹೆಗಲ ಮೇಲಿಂದ ಬಗ್ಗಿ ಪುಸ್ತಕ ನೋಡಿದ. 'ಸೆರಿ ಅಣ್ಣಾ' ಅಂದ, ಹೋದ. ನಾನು ಬಾಯಿ ಬಿಡ್ಲಿಲ್ಲ."

ಪ್ರಣಮ್ಯಾ ಆ ಪುಟವನ್ನೇ ಬಿಟ್ಟುಬಿಡುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದರಂತೆ. ಮಧ್ವರಾಜರು ಒಪ್ಪಲಿಲ್ಲ. ಪುಸ್ತಕಗಳನ್ನೆಲ್ಲ ಹರವಿಕೊಂಡು ಕುಳಿತು, ಹೀಗೆ ಅಲುಗಾಡಿಸಿದ್ದೆಂದು ನೆನಪಾದ ಅಂಕಿಗಳಿಗೆಲ್ಲ ಕೆಂಪು ಗೆರೆ ಹಾಕಿಕೊಟ್ಟರು. ಒಂಬತ್ತು ದಿನ ಹಿಡಿಯಿತು. ಮ್ಯಾನೇಜರಿಗೂ ಬರೆದುಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಮಧ್ವರಾಜರ ಹೆಂಡತಿ ವಿನೋದಾ ಅವರಿಗೆ ಇದು ಹೊಸದಲ್ಲ. "ಪ್ರತಿ ದೀಪಾವಳಿಗೂ ಬಾಬು ಮನೆಗೆ ಮೈಸೂರು ಪಾಕ್ ಹಿಡ್ಕೊಂಡು ಹೋಗ್ತಾರೆ, ಈ ಸಲ ಹೇಳಿಯೇ ಬರ್ತೇನೆ ಅಂತ. ಡಬ್ಬಿ ಖಾಲಿ ಮಾಡಿ ತರ್ತಾರೆ, ಮಾತು ಹಾಗೇ ವಾಪಸ್ ತರ್ತಾರೆ" ಎನ್ನುತ್ತಾರೆ. ಅವನ ಮೂಗಿಗೆ ಆ ತುಪ್ಪದ ಪರಿಮಳವೂ ಹತ್ತಲಿಲ್ಲ ಎಂದು ಆ ದಿನ ಊಟ ಬಿಡುತ್ತಾರಂತೆ.

ನಿವೃತ್ತಿಗೆ ಶಾಲು, ಹಾರ ಬೇಡವೆಂದು ಮಧ್ವರಾಜರು ಮೊದಲೇ ಹೇಳಿಬಿಟ್ಟಿದ್ದಾರೆ. ಮತ್ತೇನು ಬೇಕು ಎಂದು ಕೇಳಿದರೆ ಪುಸ್ತಕ ಮುಚ್ಚಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಗೇಟಿನ ಕಡೆ ನೋಡುತ್ತಾರೆ.

"ಇದನ್ನೆಲ್ಲ ಬರೀರಿ. ಬಾಬುಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ನಿಮ್ಮ ಭಾನುವಾರದ ಪೇಪರ್ ಇಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ಆಗ್ತದೆ. ನಾನೇ ಅವನ ಹತ್ರ ಕೂತು ತಮಿಳಲ್ಲಿ ಓದಿ ಹೇಳ್ತೇನೆ. ಬಾಯಲ್ಲಿ ಹೇಳ್ಲಿಕ್ಕೆ ಆರು ವರ್ಷ ನೋಡಿದೆ, ಆಗ್ಲಿಲ್ಲ. ಅಚ್ಚಾದದ್ದನ್ನು ಓದುವಾಗ ನಡುವೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ ಅಲ್ವಾ? ಒಂದೇ ಕೇಳಿಕೊಳ್ಳುದು. ಆ ಮೂರು ಅಂಕಿಯ ಪಕ್ಕ ಟೈಮು ಹಾಕಿ. ಅವನಿಗೆ ಸುದ್ದಿ ಎಷ್ಟು ತಡವಾಗಿ ಮುಟ್ಟಿತು ಅಂತಲೂ ಹಾಕಿ."

ಅವರು ಕೇಳಿದಂತೆಯೇ ಹಾಕಲಾಗಿದೆ. 10.00ಕ್ಕೆ 9.41. 10.10ಕ್ಕೆ 9.38. 10.20ಕ್ಕೆ 9.42. ಮೂರೂ ಸುಳ್ಳು. ಬಾಬು ಅವರೇ, ಸುದ್ದಿ ಆರು ವರ್ಷ ತಡವಾಗಿದೆ.