ಪೊರಕೆ ಓದುವ ತೊಕುಜಿ
ಜಪಾನಿನ ಮಾತ್ಸುಮೊತೊ ಪಟ್ಟಣದ ನಮ್ಮ ಬೀದಿಯಲ್ಲಿ ಪೊರಕೆ ಕಟ್ಟುವ ತೊಕುಜಿ ಅಜ್ಜನ ಅಂಗಡಿ ಮುಂದೆ ಹಾಯಲು ನನಗೀಗ ನಾಚಿಕೆ. ಹುಲ್ಲಿನ ಒಂದೊಂದು ಎಳೆಯನ್ನೂ ಕೆನ್ನೆಗೆ ಸವರಿಕೊಂಡು, ಚುಚ್ಚಿದ್ದು ಅಂಗಳಕ್ಕೆ, ನವಿರಾದದ್ದು ಚಾಪೆಗೆ ಎಂದು ಬೇರ್ಪಡಿಸುವ ಮನುಷ್ಯ ಆತ. ಬಿರುಗಾಳಿಗೆ ಹುಲ್ಲಿನ ಬೆಳೆ ವಾಲಿದ ವರ್ಷ ಅವನ ಪೊರಕೆಗಳೂ ಅದೇ ಕಡೆ ವಾಲುತ್ತವೆ. ಕೇಳಿದರೆ, "ಹುಲ್ಲಿಗೆ ಅಭ್ಯಾಸ ಆಗ್ಬಿಟ್ಟಿದೆ, ನಾನ್ಯಾಕೆ ಬಿಡಿಸ್ಲಿ?" ಅನ್ನುತ್ತಾನೆ. ಹೊಸದು ಬೇಕೆಂದವರು ಹಳೆಯದನ್ನು ತೋರಿಸಲೇಬೇಕು. ಅದರ ಸವೆತ ನೋಡಿಯೇ ಮನೆಯವರ ಜಾತಕ ಬಿಚ್ಚುತ್ತಾನೆ: "ಮೀನಂಗಡಿಯವ್ರೇ, ನೀವು ಮೂಲೆ ಗುಡಿಸೋದೇ ಇಲ್ವಲ್ಲ." ಕಳೆದ ತಿಂಗಳು ನಾನೂ ಮನೆಯ ಹಳೇ ಪೊರಕೆ ಹಿಡಿದು ಹೋಗಿ, "ಹನ್ನೆರಡು ವರ್ಷ ಇದ್ರಲ್ಲೇ ಗುಡಿಸಿದೀನಿ ಅಜ್ಜ," ಎಂದು ಜಂಬ ಕೊಚ್ಚಿದೆ. ಎಡಗೈಯವರ ಪೊರಕೆಯಂತೆ ಸವೆದ ತುದಿಯನ್ನು, ಹಿಡಿಯ ತೀರಾ ಕೆಳಗೆ ಕೈ ತಗುಲಿ ನುಣುಪಾದ ಜಾಗವನ್ನು, ಆಮೇಲೆ ನನ್ನ ಬಲಗೈಯನ್ನು ನೋಡಿ, "ಆಯ್ತಮ್ಮ" ಎಂದಷ್ಟೇ ಹೇಳಿದ. ಅವನು ಕಟ್ಟಿಕೊಟ್ಟ ಪೊರಕೆಯ ಹಿಡಿ ನನಗೆ ಗಿಡ್ಡವಾಗಿತ್ತು. ಮುದುಕನಿಗೆ ಅಳತೆ ತಪ್ಪಿದೆ ಎಂದು ಗೊಣಗುತ್ತ ಮನೆಗೆ ತಂದೆ. ಅತ್ತೆ ಅದನ್ನು ಎಡಗೈಯಲ್ಲಿ ಹಿಡಿದು ಎರಡು ಸಲ ಗುಡಿಸಿ ನೋಡಿದರು. "ನನ್ನ ಬೆನ್ನಿನ ಅಳತೆ ಹೇಳಿ ಮಾಡಿಸ್ಕೊಂಡು ಬಂದಿದೀಯಲ್ಲ, ತಾಯಿ," ಎಂದು, ಮೊದಲೇ ಬಾಗಿದ ಬೆನ್ನನ್ನು ನನ್ನೆದುರು ಇನ್ನಷ್ಟು ಬಾಗಿಸಿ ವಂದಿಸಿದರು. ನಾನು ಹೂಂ ಅಂದೆ.